ಓಬ, ಚುಕ್ಕಿ, ನಕ್ಷತ್ರ

ಧರ್ಮಪುರದ ಬಸ್‌ಸ್ಟ್ಯಾಂಡಿನ ಎದುರಿಗಿರುವ ಸ್ಫೂರ್ತಿ ಕಂಪ್ಯೂಟರ್ಸ್‌ನ ಮಾಲೀಕ ಮೋಹನ್‌ಕುಮಾರನಿಗೆ ವಿದ್ಯೆ ತಲೆಗೇರಿದ್ದು ಶ್ರಾವಣದಲ್ಲಿ. ಅಲ್ಲಿಯವರೆಗೆ ಅವನು ಜೆರಾಕ್ಸ್ ಮಾಡಿಕೊಂಡು, ಪಹಣಿ ತೆಗೆದುಕೊಟ್ಟುಕೊಂಡು, ಆಧಾರ್ ಕಾರ್ಡುಗಳಿಗೆ ಲ್ಯಾಮಿನೇಷನ್ ಹೊದಿಸಿಕೊಂಡು ಎಲ್ಲರಂತೆ ಇದ್ದ. ಮಳೆಯೂ ಬಾರದ, ಗಿರಾಕಿಯೂ ಬಾರದ, ಕರೆಂಟು ಮಾತ್ರ ಬಂದಿದ್ದ ಒಂದು ಮಧ್ಯಾಹ್ನ ಫೋನಿನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಹುಡುಕುವ ವಿದ್ಯೆ ಕಲಿಸುವ ಪಾಠಮಾಲೆಯೊಂದು ಅವನ ಕಣ್ಣಿಗೆ ಬಿತ್ತು. ಪಾಠಗಳು ಬಹಳ ಇದ್ದವು. ಮೋಹನ್‌ಕುಮಾರ ಎರಡು ನೋಡಿದ. ಎರಡಕ್ಕೇ ಅವನಿಗೆ ಜಗತ್ತೆಲ್ಲ ಅರ್ಥವಾಗಿಬಿಟ್ಟಿತು. ಮೂರನೆಯ ಪಾಠದ ಹೆಸರು ‘ನಕ್ಷತ್ರ ಹಾಕುವ ಮುನ್ನ ಇದನ್ನು ನೋಡಿ’ ಎಂದಿತ್ತು. ನೋಡೋಣ ಎಂದುಕೊಳ್ಳುವಷ್ಟರಲ್ಲಿ ಯಾರೋ ಪಹಣಿ ಕೇಳಿಕೊಂಡು ಬಂದರು. ಈ ಕಥೆಯಲ್ಲಿ ಮುಂದೆ ನಡೆಯುವ ಅನಾಹುತಕ್ಕೆಲ್ಲ ಆ ಪಹಣಿಯೇ ಹೊಣೆ ಎಂದು ಮೋಹನ್‌ಕುಮಾರ ಇವತ್ತಿಗೂ ವಾದಿಸುತ್ತಾನೆ.

ಕಲಿತದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ಅವನದಲ್ಲ. ಅದೇ ಸಂಜೆ ಪಕ್ಕದ ಟೀ ಅಂಗಡಿಯ ಗೊಲ್ಲಪ್ಪನಿಗೆ ಪಾಠ ಶುರುವಾಯಿತು.

“ನೋಡು ಗೊಲ್ಲಪ್ಪಣ್ಣ, ರಾಶಿ ಹೆಸರು ಅವೆ ಅನ್ಕೋ. ಅದ್ರಾಗೆ ನಮಗೆ ಬೇಕಾದ್ದು ಹುಡುಕ್ಬೇಕು. ಪೂರ್ತಿ ಹೆಸರು ಗೊತ್ತಿರಬೇಕು ಅಂತೇನಿಲ್ಲ. ಅದು ಹೆಂಗೈತೆ ಅಂತ ಕಂಪ್ಯೂಟರಿಗೆ ಒಂದು ಅಂದಾಜು ಕೊಟ್ರೆ ಸಾಕು. ಚುಕ್ಕಿ ಇಟ್ರೆ, ಆ ಜಾಗದಾಗೆ ಯಾವ ಅಕ್ಷರ ಆದ್ರೂ ಬರ್ಲಿ ಅಂತ.”

“ಹೂಂ.”

“ಚುಕ್ಕಿ ಮುಂದೆ ನಕ್ಷತ್ರ ಇಟ್ರೆ, ಅಂಥವು ಎಷ್ಟಾದ್ರೂ ಬರ್ಲಿ ಅಂತ.”

ಗೊಲ್ಲಪ್ಪ ಟೀ ಸೋಸುತ್ತಾ ಯೋಚನೆ ಮಾಡಿದ. “ಅಂದ್ರೆ ಯಾವುದಾದ್ರೂ ಬರ್ಲಿ, ಎಷ್ಟಾದ್ರೂ ಬರ್ಲಿ.”

“ಕರೆಕ್ಟ್.”

“ಅದನ್ನ ಹೇಳಾಕೆ ಇಷ್ಟು ವಿದ್ಯೆ ಬೇಕೇನಪ್ಪ? ನಮ್ಮ ಎಮ್ಮೆ ಮೇಯಾದೂ ಹಂಗೇ.”

ಜ್ಞಾನಿಗಳಿಗೆ ಇಂಥ ಮಾತು ಹೊಸದಲ್ಲ. ಮೋಹನ್‌ಕುಮಾರ ಕನಿಕರದಿಂದ ನಕ್ಕು ಟೀ ಕುಡಿದ. ಅವನ ವಿದ್ಯೆಗೆ ಕೆಲಸವೂ ಸಿಕ್ಕಿತು. ಆ ಭಾಗದ ಕುರಿ ಸಾಕುವವರ ಸಂಘವೊಂದು ತನ್ನ ಸದಸ್ಯರಿಗೆಲ್ಲ ಮೊಬೈಲಿನಲ್ಲಿ ಸಂದೇಶ ಕಳಿಸುವ ಜವಾಬ್ದಾರಿಯನ್ನು ಇವನಿಗೆ ವಹಿಸಿತ್ತು. ಎಲ್ಲರ ಹೆಸರು, ನಂಬರು ಇವನ ಕಂಪ್ಯೂಟರಿನಲ್ಲಿದ್ದವು. ಹಿಂದೆ ಒಬ್ಬೊಬ್ಬರನ್ನೇ ಹುಡುಕಿ ಗುರುತು ಹಾಕುತ್ತಿದ್ದವನು ಈಗ ಚುಕ್ಕಿ, ನಕ್ಷತ್ರ ಒತ್ತಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂರುತ್ತಿದ್ದ. ಪ್ರತಿ ಸಂದೇಶದ ಕೊನೆಗೂ ‘ಕುರಿಗಳಿಗೆ ಜಂತಿನ ಔಷಧಿ ತಪ್ಪದೇ ಹಾಕಿಸಿ’ ಎಂಬ ಸಾಲು ತಾನಾಗಿ ಅಂಟಿಕೊಳ್ಳುತ್ತಿತ್ತು. ಅದನ್ನು ಅಂಟಿಸಿದವನು ಇವನೇ. ಬಿಡಿಸುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ಇನ್ನು ಅವನ ಮದುವೆಯ ವಿಷಯ. ಮೋಹನ್‌ಕುಮಾರನಿಗೆ ಮೂವತ್ತನಾಲ್ಕು ತುಂಬಿತ್ತು. ಇಪ್ಪತ್ತಾರರಲ್ಲಿ ಅವನಿಗೆ ಬೆಳ್ಳಗಿರುವ, ಡಿಗ್ರಿ ಮುಗಿಸಿರುವ, ಹಾಡಲು ಬರುವ, ಒಬ್ಬಳೇ ಮಗಳಾಗಿರುವ ಹುಡುಗಿ ಬೇಕಿತ್ತು. ವರ್ಷ ಕಳೆದಂತೆ ಹಾಡು ಹೋಯಿತು, ಡಿಗ್ರಿ ಹೋಯಿತು, ಬಣ್ಣ ಹೋಯಿತು. ಹುಡುಗಿಯರ ಕಡೆಯವರು ಬಂದು, ಅಂಗಡಿಯನ್ನೂ ಅಂಗಡಿಯೊಳಗಿದ್ದವನನ್ನೂ ನೋಡಿ, ಊರಿಗೆ ಹೋಗಿ ತಿಳಿಸುತ್ತೇವೆಂದು ಹೋದವರು ತಿಳಿಸಲೇ ಇಲ್ಲ. ಈಚೆಗೆ ಅವನ ದೊಡ್ಡಪ್ಪ, “ಲೇ, ನಿಂಗೆ ಎಂಥ ಹುಡುಗಿ ಬೇಕು, ಅದನ್ನಾರ ಹೇಳು,” ಎಂದು ಕೇಳಿದಾಗ ಅವನು ಗೋಡೆ ನೋಡುತ್ತಾ, “ಚುಕ್ಕಿ ನಕ್ಷತ್ರ,” ಎಂದಿದ್ದ. ದೊಡ್ಡಪ್ಪ ಅದನ್ನು ಜಾತಕದ ಮಾತೆಂದು ತಿಳಿದು ತಲೆಯಾಡಿಸಿದ.

ಈ ದೊಡ್ಡಪ್ಪನ ಹೆಸರು ಚಿಕ್ಕತಿಮ್ಮಪ್ಪ. ತಂದೆಯಿಲ್ಲದ ಮೋಹನ್‌ಕುಮಾರನ ಮದುವೆ ಮಾಡಿಸುವುದು ತನ್ನ ಕರ್ತವ್ಯವೆಂದು ಅವನು ಎಂಟು ವರ್ಷದಿಂದ ಊರೂರು ತಿರುಗಿ ಉಪ್ಪಿಟ್ಟು ತಿಂದಿದ್ದ.

ಅಷ್ಟರಲ್ಲಿ ಮೋಹನ್‌ಕುಮಾರನ ಜೀವನದಲ್ಲಿ ಅನುಸೂಯ ಬಂದಳು. ಹಿರಿಯೂರಿನಿಂದ ಧರ್ಮಪುರದ ಮೇಲೆ ಮುದ್ದೋಬನಹಟ್ಟಿಗೆ ಹೋಗುವ ಬಸ್ಸಿನ ಕಂಡಕ್ಟರ್ ಅವಳು, ಊರೂ ಮುದ್ದೋಬನಹಟ್ಟಿಯೇ. ಪ್ರಿಂಟರಿನ ಇಂಕು ತರಲು ಹಿರಿಯೂರಿಗೆ ಹೊರಟಿದ್ದ ಇವನು ಬಸ್ಸಿನ ಮೆಟ್ಟಿಲ ಮೇಲೆ ನೇತಾಡುತ್ತಿದ್ದಾಗ ಅವಳು, “ಬಾಗ್ಲಾಗೆ ನಿಂತ್ಕಂಬ್ಯಾಡ್ರಿ, ಒಳಗೆ ಬರ್ರಿ,” ಎಂದಳು. ಅದನ್ನು ಅವಳು ದಿನಕ್ಕೆ ನೂರು ಜನಕ್ಕೆ ಹೇಳುತ್ತಿದ್ದಳು. ಆದರೆ ಎಂಟು ವರ್ಷದಲ್ಲಿ ಒಬ್ಬ ಹೆಣ್ಣುಮಗಳು ಮೋಹನ್‌ಕುಮಾರನನ್ನು ಒಳಗೆ ಕರೆದದ್ದು ಅದೇ ಮೊದಲು. ಅಲ್ಲಿಂದ ಮುಂದೆ ಸ್ಫೂರ್ತಿ ಕಂಪ್ಯೂಟರ್ಸ್‌ಗೆ ವಾರಕ್ಕೊಮ್ಮೆ ಇಂಕು ಬೇಕಾಗತೊಡಗಿತು. ಅವಳು ಟಿಕೆಟ್ ಕೊಡುವಾಗ ನಕ್ಕರೆ ಆ ವಾರವೆಲ್ಲ ಜೆರಾಕ್ಸ್ ಕಪ್ಪಗೆ ಬರುತ್ತಿತ್ತು. ಅವನಿಗೆ ಅವಳ ಮೇಲೆ ನಿಜವಾಗಿಯೂ ಮನಸ್ಸಾಗಿತ್ತು. ಇವಳಾದರೆ ಮದುವೆ, ಇಲ್ಲವಾದರೆ ಇನ್ನು ಯಾರ ಮನೆಯ ಉಪ್ಪಿಟ್ಟೂ ಬೇಡ ಎಂದು ಅವನು ಅವ್ವನ ಮುಂದೆ ಹೇಳಿ ಮುಗಿಸಿದ್ದ.

ದೊಡ್ಡಪ್ಪ ಹರಿಯಬ್ಬೆಯ ಕಡೆಯ ನೆಂಟರೊಬ್ಬರ ಮೂಲಕ ವಿಚಾರಿಸಿದ. ಹುಡುಗಿ ಕೆಲಸ ಬಿಡುವುದಿಲ್ಲ, ಬಿಡಿಸುವುದಾದರೆ ಬರಬೇಡಿ ಎಂದು ಉತ್ತರ ಬಂತು. ಮೋಹನ್‌ಕುಮಾರ, ಬೇಕಾದರೆ ನಾನೇ ನನ್ನ ಕೆಲಸ ಬಿಡುತ್ತೇನೆ ಎಂದ. ಹಾಗಾದರೆ ಒಂದು ಭಾನುವಾರ ಬಂದು ನೋಡಿ, ಬರುವ ಮುಂಚೆ ಒಂದು ಮಾತು ತಿಳಿಸಿ ಎಂದು ಆ ಕಡೆಯಿಂದ ಹೇಳಿಕಳಿಸಿದರು.

ಇಲ್ಲಿಗೆ ಎಲ್ಲವೂ ಸರಿಯಾಗಿತ್ತು. ತಿಳಿಸುವ ಕೆಲಸ ಮೋಹನ್‌ಕುಮಾರನ ಕೈಗೆ ಬಂದದ್ದೇ ತಪ್ಪಾಯಿತು.

“ನಂಬರು ಕೊಟ್ಟಿದ್ರು, ಎಲ್ಲೋ ಕಳ್ಕಂಡೆ,” ಎಂದು ದೊಡ್ಡಪ್ಪ ಗುರುವಾರ ಅಂಗಡಿಗೆ ಬಂದು ಕೂತ. “ನಾಳೆ ಬಸ್ಸಿಗೆ ಹೋಗಿ ನಾನೇ ಹೇಳಿ ಬರ್ತೀನಿ.”

“ಸುಮ್ನಿರಪ್ಪ. ಆ ಊರಿನ ಕುರಿ ಇರೋರ ನಂಬರೆಲ್ಲ ನನ್ನತ್ರ ಅವೆ. ಹುಡುಗಿ ಅಪ್ಪನ ಹೆಸರೇನು?”

“ಓಬಯ್ಯನೋ, ಓಬಳಪ್ಪನೋ. ಓಬ ಅನ್ನಾದು ಗ್ಯಾರಂಟಿ. ಅದರ ಮುಂದೆ ಏನೈತೋ ನೆನಪಿಲ್ಲ.”

ಮೋಹನ್‌ಕುಮಾರನ ಮುಖ ಅರಳಿತು. ಕಲಿತ ವಿದ್ಯೆಯನ್ನು ಹಿರಿಯರ ಮುಂದೆ ಮೆರೆಸುವ ಗಳಿಗೆ ಇಷ್ಟು ಸಲೀಸಾಗಿ ಯಾರಿಗೂ ಒದಗುವುದಿಲ್ಲ. ಅವನು ಮುದ್ದೋಬನಹಟ್ಟಿಯ ಪಟ್ಟಿ ತೆರೆದು, ಹೆಸರಿನ ಜಾಗದಲ್ಲಿ ‘ಓಬ’ ಎಂದು ಬರೆದು, ಮುಂದೆ ಒಂದು ಚುಕ್ಕಿ, ಅದರ ಮುಂದೆ ಒಂದು ನಕ್ಷತ್ರ ಇಟ್ಟ. “ಮುಂದೆ ಏನಾರ ಇರ್ಲಿ, ಎಷ್ಟಾರ ಇರ್ಲಿ, ಹಿಡ್ಕಂಬರ್ತೈತೆ,” ಎಂದ. ದೊಡ್ಡಪ್ಪ ಮೂಗಿನ ಮೇಲೆ ಬೆರಳಿಟ್ಟುಕೊಂಡ. ಪರದೆಯ ಕೆಳಗೆ ಒಂದು ಅಂಕಿ ಮೂಡಿತು. ಬ್ಯಾಟರಿ ಎಷ್ಟಿದೆ ಎಂದು ತೋರಿಸುತ್ತಿದೆ ಎಂದುಕೊಂಡು ಮೋಹನ್‌ಕುಮಾರ, ಭಾನುವಾರ ಬರುತ್ತೇವೆಂದು ದೊಡ್ಡಪ್ಪನ ಹೆಸರಿನಲ್ಲಿ ಬರೆದು ‘ಕಳಿಸು’ ಒತ್ತಿದ.

ಮುದ್ದೋಬನಹಟ್ಟಿಯಲ್ಲಿ ಯಾವ ಮನೆಯಲ್ಲೇ ಆಗಲಿ ಚೊಚ್ಚಲ ಕೂಸು ಹುಟ್ಟಿದರೆ ಅದಕ್ಕೆ ಊರದೇವರ ಹೆಸರೇ. ಗಂಡಾದರೆ ಓಬಯ್ಯ, ಓಬಣ್ಣ, ಓಬಳೇಶ. ಹೆಣ್ಣಾದರೆ ಓಬವ್ವ, ಓಬಕ್ಕ. ಹಿಂದೆ ಯಾರೋ ಒಬ್ಬರು ಸಿನಿಮಾ ನೋಡಿಬಂದು ಬೇರೆ ಹೆಸರಿಟ್ಟದ್ದಕ್ಕೆ ಅವರ ಕುರಿರೊಪ್ಪದಲ್ಲಿ ಚೇಳು ಎದ್ದವೆಂದು ಊರು ಇಂದಿಗೂ ಮಾತಾಡಿಕೊಳ್ಳುತ್ತದೆ. ಹೀಗಾಗಿ ಅಲ್ಲಿ ಯಾರೂ ಯಾರನ್ನೂ ಬರೀ ಹೆಸರಿನಿಂದ ಕರೆಯುವುದಿಲ್ಲ. ಬೇವಿನಮರದ ಓಬಯ್ಯ, ಕಂಬಳಿ ಓಬಯ್ಯ, ಪೊಲೀಸ್ ಓಬಣ್ಣ ಎಂದು ಅಡ್ಡಹೆಸರಿನಿಂದಲೇ ವ್ಯವಹಾರ. ಇದು ಸುತ್ತಮುತ್ತ ಎಲ್ಲರಿಗೂ ಗೊತ್ತು. ದೊಡ್ಡಪ್ಪನಿಗೂ ಗೊತ್ತಿತ್ತು, ಆದರೆ ಕಂಪ್ಯೂಟರಿಗೆ ತನಗಿಂತ ಹೆಚ್ಚು ಗೊತ್ತಿರುತ್ತದೆಂದು ಅವನು ಸುಮ್ಮನಿದ್ದ. ಮೋಹನ್‌ಕುಮಾರನಿಗೂ ಗೊತ್ತಿತ್ತು. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ನೆನಪಾಗುವ ಅಭ್ಯಾಸ ಅವನಿಗಿರಲಿಲ್ಲ.

ಭಾನುವಾರ ಮೋಹನ್‌ಕುಮಾರ, ದೊಡ್ಡಪ್ಪ, ಅವ್ವ ಕಮಲಮ್ಮ ಮೂವರೂ ಹಣ್ಣು ಹೂವು ಹಿಡಿದುಕೊಂಡು ಆಟೋದಲ್ಲಿ ಹೋಗಿ ಇಳಿದರು. ಇಳಿದ ಕೂಡಲೇ ಕಮಲಮ್ಮ ಮೂಗು ಮೇಲೆತ್ತಿದಳು. ಬೀದಿಗೆ ಬೀದಿಯೇ ಒಗ್ಗರಣೆ ವಾಸನೆ ಹೊಡೆಯುತ್ತಿತ್ತು. ಬಾಗಿಲು ಬಾಗಿಲಿಗೂ ರಂಗೋಲಿ. ಕಟ್ಟೆಗಳ ಮೇಲೆ ಗಂಡಸರು ಇಸ್ತ್ರಿ ಅಂಗಿ ತೊಟ್ಟು ಕೂತಿದ್ದರು.

“ಏನು ಹಬ್ಬವೋ ಇವತ್ತು,” ಎಂದಳು ಕಮಲಮ್ಮ.

ಮೊದಲನೆಯ ಮನೆಯ ಮುಂದೆ, ಬೇವಿನಮರದ ಕೆಳಗೆ, ಒಬ್ಬರು ಕೈಮುಗಿದು ನಿಂತಿದ್ದರು. “ಬರ್ರಿ ಬರ್ರಿ. ಹೇಳಿದ ಟೈಮಿಗೇ ಬಂದೀರಿ. ಒಳಗೆ ಬಂದು ಕುಂತ್ಕಳ್ರಿ.”

“ಓಬಯ್ಯನೋರ ಮನೆ ಇದೇ ಏನ್ರಿ?” ಎಂದು ದೊಡ್ಡಪ್ಪ ಕೇಳಿದ.

“ಇದೇ ಕಣ್ರಿ. ನಾನೇ.”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೂವರೂ ಹೋಗಿ ಚಾಪೆಯ ಮೇಲೆ ಕೂತರು. ಮಳೆ ಬೆಳೆ ವಿಚಾರ ಮುಗಿಯಿತು. ಉಪ್ಪಿಟ್ಟಿನ ತಟ್ಟೆ ಹಿಡಿದು ಒಬ್ಬ ಹುಡುಗಿ ಬಂದಳು. ಮೋಹನ್‌ಕುಮಾರ ಎದೆ ಗಟ್ಟಿ ಮಾಡಿಕೊಂಡು ತಲೆಯೆತ್ತಿ ನೋಡಿದ.

“ಅವ್ವ,” ಎಂದು ಪಿಸುಗುಟ್ಟಿದ. “ಇವಳಲ್ಲ.”

ಕಮಲಮ್ಮನಿಗೆ ಪಿಸುಮಾತು ಗೊತ್ತಿಲ್ಲ. “ಇವಳಲ್ಲ ಅಂದ್ರೆ? ಲಕ್ಷಣವಾಗೇ ಅವಳೆ. ಇನ್ನೇನು ಬೇಕಂತೆ ನಿಂಗೆ?”

ಹುಡುಗಿಯ ಅಪ್ಪ ಕತ್ತು ಉದ್ದ ಮಾಡಿದರು. ಅವರು ಬಾಯಿ ತೆರೆಯುವಷ್ಟರಲ್ಲಿ ಹೊರಗಿನಿಂದ ಗಲಾಟೆ ಕೇಳಿತು. ಬಾಗಿಲಲ್ಲಿ ಹತ್ತಾರು ಜನ ಸೇರಿದ್ದರು.

“ಏನೋ ಬೇವಿನಮರದೋನೇ, ನಮ್ಮನೆಗೆ ಬಂದ ನೆಂಟರನ್ನ ನೀನು ಒಳಗೆ ಕುಂದ್ರಿಸಿಕಂಡೀಯಲ್ಲ.”

“ನಿಮ್ಮನೆಗ್ಯಾಕೆ? ನನಗೆ ಮೆಸೇಜು ಬಂದೈತೆ.”

“ನನಗೂ ಬಂದೈತೆ.”

“ನನಗೂ.”

ಜೇಬುಗಳಿಂದ, ಸೊಂಟದಿಂದ, ಬನಿಯನ್ನಿನ ಒಳಗಿನಿಂದ ಫೋನುಗಳು ಹೊರಬಂದವು. ಯಾರೋ ಗಟ್ಟಿಯಾಗಿ ಓದಿದರು: “ಮಾನ್ಯರೇ, ತಮ್ಮ ಮಗಳನ್ನು ನೋಡಲು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತಿದ್ದೇವೆ. ಹುಡುಗ ಸ್ವಂತ ಉದ್ಯೋಗ, ಒಳ್ಳೆಯ ಗುಣ. ಇಂತಿ ಚಿಕ್ಕತಿಮ್ಮಪ್ಪ, ಧರ್ಮಪುರ. ಕುರಿಗಳಿಗೆ ಜಂತಿನ ಔಷಧಿ ತಪ್ಪದೇ ಹಾಕಿಸಿ.”

ಅದೇ ಅಕ್ಷರ, ಅದೇ ಒಳ್ಳೆಯ ಗುಣ, ಅದೇ ಜಂತು ಎಲ್ಲರ ಫೋನಿನಲ್ಲೂ ಇತ್ತು. ದೊಡ್ಡಪ್ಪ ತಿರುಗಿ ಮೋಹನ್‌ಕುಮಾರನನ್ನು ನೋಡಿದ. ಮೋಹನ್‌ಕುಮಾರ ಉಪ್ಪಿಟ್ಟಿನೊಳಗಿನ ಗೋಡಂಬಿಯನ್ನು ನೋಡಿದ. ಆ ಅಂಕಿ ಬ್ಯಾಟರಿಯದಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

ಹುಡುಗನ ಕಡೆಯವರನ್ನು ಬೇವಿನಮರದ ಕಟ್ಟೆಯ ಮೇಲೆ ಕೂರಿಸಲಾಯಿತು. ಕೂರಿಸಿದ್ದು ಗೌರವಕ್ಕಲ್ಲ, ಓಡಿಹೋಗದಿರಲಿ ಎಂದು. ಮೊದಲು ಮಾತಾಡಿದವರು ಪೊಲೀಸ್ ಓಬಣ್ಣ. ಅವರು ಬೇರೆ ತಾಲ್ಲೂಕಿನಲ್ಲಿ ಹೆಡ್ ಕಾನ್‌ಸ್ಟೇಬಲ್. ಕಣ್ಣು ಕೆಂಪಗಾಗಿತ್ತು, ಗಡ್ಡ ಬೋಳಿಸಿರಲಿಲ್ಲ.

“ಲೇ, ನನಗೆ ಇಬ್ಬರು ಗಂಡುಮಕ್ಕಳು. ಹೆಣ್ಣುಮಕ್ಕಳಿಲ್ಲ. ಗುರುವಾರ ನಿನ್ನ ಮೆಸೇಜು ಬಂತು. ನನ್ನ ಹೆಂಡ್ತಿ ಓದಿದ್ಲು. ಮಗಳು ಎಲ್ಲವಳೆ ಅಂತ ಕೇಳಿದ್ಲು. ಇಲ್ಲ ಅಂದೆ. ಮಗಳಿಲ್ಲದೆ ನೋಡಾಕೆ ಬರ್ತಾರಾ, ಯಾವೂರಾಗೆ ಇಟ್ಟೀಯ ಹೇಳು ಅಂದ್ಲು. ಅವತ್ತಿಂದ ಅನ್ನ ಹಾಕಿಲ್ಲ. ನಾನು ಡ್ಯೂಟಿಗೆ ರಜೆ ಹಾಕಿ ಬಂದೀನಿ, ನನ್ನ ಮಗಳು ಯಾರು ಅಂತ ತಿಳ್ಕಣಾಕೆ.”

ಅವರ ಹೆಂಡತಿ ಗುಂಪಿನ ಹಿಂದೆ ನಿಂತಿದ್ದಳು. “ಹೇಳ್ಲಿ ಹೇಳ್ಲಿ. ಎಷ್ಟು ವರ್ಷದವಳು ಅಂತ ನಂಗೂ ಗೊತ್ತಾಗ್ಬೇಕು,” ಎಂದಳು.

ಆಮೇಲೆ ಎದ್ದವಳು ಮಾತಿನ ಓಬವ್ವ. ಎಪ್ಪತ್ತು ದಾಟಿದ್ದರೂ ಆ ಹೆಸರಿಗೆ ಕುಂದು ಬಂದಿರಲಿಲ್ಲ. “ನಂಗೆ ಒಬ್ಬಳೇ ಮಗಳು ಕಣಪ್ಪ. ಹೊಳಲ್ಕೆರೆಗೆ ಕೊಟ್ಟೀನಿ. ನೋಡಾಕೆ ಬರ್ತಾರೆ ಅಂತ ಬರ್ದೈತಲ್ಲ, ಸಂಘದ ಕಡೆಯೋರು ಏನೋ ಕೊಡಾಕೆ ಬರ್ತಾರೆ ಅಂತ ಫೋನ್ ಮಾಡಿ ಕರೆಸ್ದೆ. ಅಗೋ, ಅಳಿಯನೂ ಬಂದವ್ನೆ.”

ಅಳಿಯ ನಿರಂಜನ್ ಎದೆಯ ಮೇಲೆ ಕೈಕಟ್ಟಿಕೊಂಡು ಮುಂದೆ ಬಂದ. ಹೊಳಲ್ಕೆರೆಯಿಂದ ನಾಲ್ಕು ಗಂಟೆಗೇ ಎದ್ದು ಎರಡು ಬಸ್ಸು ಬದಲಿಸಿ ಬಂದಿದ್ದ. “ನನ್ನ ಹೆಂಡ್ತಿನ ನೋಡಾಕೆ ಬಂದೋರು ಯಾರು ಸಾರ್?” ಎಂದು ಬಹಳ ಮರ್ಯಾದೆಯಿಂದ ಕೇಳಿದ. ಆ ಮರ್ಯಾದೆಗೆ ಮೋಹನ್‌ಕುಮಾರ ದೊಡ್ಡಪ್ಪನ ಬೆನ್ನ ಹಿಂದಕ್ಕೆ ಸರಿದು ಕೂತ.

ಇನ್ನು ವಿದ್ಯೆಯೇ ತನ್ನನ್ನು ಕಾಪಾಡಬೇಕು ಎಂದುಕೊಂಡು ಅವನು ಒಂದು ಕಡ್ಡಿ ಎತ್ತಿಕೊಂಡ. ಮಣ್ಣಿನ ಮೇಲೆ ‘ಓಬ’ ಎಂದು ಬರೆದ. ಒಂದು ಚುಕ್ಕಿ ಇಟ್ಟ. ಒಂದು ನಕ್ಷತ್ರ ಬಿಡಿಸಿದ. ಊರು ಬಗ್ಗಿ ನೋಡಿತು.

“ಓಬ ಅಂದ್ರೆ ನಾವು. ಸರಿ,” ಎಂದರು ಬೇವಿನಮರದ ಓಬಯ್ಯ. “ಈ ಚುಕ್ಕಿ ಯಾರು?”

“ಯಾರಾದ್ರೂ ಆಗಬಹುದ್ರಿ.”

“ಈ ನಕ್ಷತ್ರ?”

“ಎಷ್ಟಾದ್ರೂ ಆಗಬಹುದ್ರಿ.”

ಪೊಲೀಸ್ ಓಬಣ್ಣ ಅದನ್ನು ಹೇಳಿಕೆ ಬರೆದುಕೊಳ್ಳುವ ದನಿಯಲ್ಲಿ ಮತ್ತೊಮ್ಮೆ ಹೇಳಿದರು. “ಯಾರಾದ್ರೂ, ಎಷ್ಟಾದ್ರೂ. ಹೆಣ್ಣು ನೋಡಾಕೆ ಹೊಂಟೋನು ಬರೆಯೋ ಮಾತಾ ಇದು?”

ಹೆಂಗಸರ ಕಡೆಯಿಂದ ಛೀ ಎಂಬ ಸದ್ದು ಬಂತು. ವಿದ್ಯೆಯನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ಸಭೆ ಮೋಹನ್‌ಕುಮಾರನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅವನು ಕಡ್ಡಿ ಕೆಳಗಿಟ್ಟು, ಯಾರಾದರೂ ಅಲ್ಲ, ಒಬ್ಬಳೇ, ಕಂಡಕ್ಟರ್ ಅನುಸೂಯ ಅಂತ, ಅವಳೊಬ್ಬಳನ್ನೇ ನೋಡಲು ಬಂದದ್ದು ಎಂದು ತೊದಲಿದ.

ಸಭೆ ಒಮ್ಮೆಗೇ ತಿರುಗಿತು. ಕಂಬಳಿ ಓಬಯ್ಯನ ಮಗಳು. ಹಾಗಾದರೆ ಕಂಬಳಿ ಓಬಯ್ಯ ಎಲ್ಲಿ? ಆಗ ಎಲ್ಲರಿಗೂ ಹೊಳೆಯಿತು, ಇಡೀ ಊರಿನಲ್ಲಿ ರಂಗೋಲಿ ಇಲ್ಲದ ಮನೆ ಅದೊಂದೇ. ಎಲ್ಲರೂ ಆ ಕಡೆ ಹೊರಟರು. ಕಂಬಳಿ ಓಬಯ್ಯ ಹರಿದ ಬನಿಯನ್ನು ತೊಟ್ಟು, ಕುರಿಯೊಂದನ್ನು ತೊಡೆಗಳ ನಡುವೆ ಅದುಮಿಟ್ಟುಕೊಂಡು ಉಣ್ಣೆ ಕತ್ತರಿಸುತ್ತಿದ್ದರು. ಇಷ್ಟೊಂದು ಜನ ಬಂದದ್ದು ನೋಡಿ ಯಾರೋ ಸತ್ತಿರಬೇಕೆಂದು ಕತ್ತರಿ ಕೆಳಗಿಟ್ಟರು.

“ನಿನಗೆ ಮೆಸೇಜು ಬಂದಿಲ್ವೇನೋ?”

“ಯಾವ ಮೆಸೇಜು?”

ಸಂಘದ ಸದಸ್ಯತ್ವ ಅವರ ಹೆಸರಿನಲ್ಲಿರಲಿಲ್ಲ. ಹೆಂಗಸರಿಗೆ ಸಬ್ಸಿಡಿ ಜಾಸ್ತಿ ಎಂದು ಯಾರೋ ಹೇಳಿದ್ದಕ್ಕೆ ಹೆಂಡತಿ ಮೀನಾಕ್ಷಿಯ ಹೆಸರಿನಲ್ಲಿ ಮಾಡಿಸಿದ್ದರು. ಮೋಹನ್‌ಕುಮಾರನ ಚುಕ್ಕಿ ನಕ್ಷತ್ರ ಮುದ್ದೋಬನಹಟ್ಟಿಯ ಅಷ್ಟೂ ಓಬಂದಿರನ್ನು ಹಿಡಿದು ತಂದು, ಬೇಕಾದ ಒಬ್ಬರನ್ನು ಬಿಟ್ಟುಬಂದಿತ್ತು. ಅನುಸೂಯಳೂ ಮನೆಯಲ್ಲಿರಲಿಲ್ಲ. ಭಾನುವಾರ ಅವಳಿಗೆ ಡ್ಯೂಟಿ.

ವಿಷಯ ಪೂರ್ತಿ ಕೇಳಿ ಕಂಬಳಿ ಓಬಯ್ಯ ಬನಿಯನ್ನಿಗಂಟಿದ ಉಣ್ಣೆ ಕೊಡವಿಕೊಂಡರು. ಆಮೇಲೆ, “ಊರಿಗೆಲ್ಲ ಹೇಳಿ ನನಗೊಬ್ಬನಿಗೆ ಹೇಳ್ಲಿಲ್ಲ,” ಎಂದರು. “ನನ್ನ ಮಗಳನ್ನ ನೋಡಾಕೆ ಬಂದೋರು ಊರಾಗಿರೋ ಮಕ್ಕಳನ್ನೆಲ್ಲ ನೋಡಿ, ಕೊನಿಗೆ ನನ್ನ ಬಾಗ್ಲಿಗೆ ಬಂದ್ರು. ಹೋಗ್ರಿ ಹೋಗ್ರಿ,” ಎಂದು ಕತ್ತರಿ ತೆಗೆದುಕೊಂಡು ಕುರಿಯ ಕಡೆ ತಿರುಗಿದರು. ಅರ್ಧ ಬೋಳಾಗಿದ್ದ ಆ ಕುರಿ ಮಾತ್ರ ಮೋಹನ್‌ಕುಮಾರನನ್ನು ಸ್ವಲ್ಪ ಮರುಕದಿಂದ ನೋಡುತ್ತಿತ್ತು.

ಮೋಹನ್‌ಕುಮಾರನಿಗೆ ಅಳು ಬಂತು. ಎಂಟು ವರ್ಷದಲ್ಲಿ ಬೇರೆಯವರು ತಿಳಿಸುತ್ತೇವೆಂದು ಹೇಳಿ ತಿಳಿಸದೆ ಹೋಗಿದ್ದರು. ಈ ಸಲ ತಾನೇ ತಿಳಿಸಲು ಹೋಗಿ ಕೆಡಿಸಿಕೊಂಡಿದ್ದ. ಅವನು ಅಲ್ಲೇ ಉಣ್ಣೆಯ ರಾಶಿಯ ಪಕ್ಕ ಕುಕ್ಕರಿಸಿದ.

ಊರಿನವರು ಅವನನ್ನು ಹಾಗೇ ಬಿಡಲಿಲ್ಲ. ಅಲ್ಲೇ ನಿಂತು ತೀರ್ಮಾನ ಮಾಡಿದರು. ಹೆಣ್ಣು ನೋಡಲು ಬರುತ್ತೇನೆಂದು ಹೇಳಿಕಳಿಸಿದವನು ಆ ಮನೆಯ ತಿಂಡಿ ಮುಟ್ಟದೆ ಹೋದರೆ ಮನೆಗೆ ಅವಮಾನ. ಆದ್ದರಿಂದ ಇವನು, ತಿಂಡಿ ಮಾಡಿಟ್ಟು ಕಾದ ಮನೆಗಳಿಗೆಲ್ಲ ಹೋಗಿ, ತಪ್ಪಾಯಿತೆಂದು ಹೇಳಿ, ತಿಂದೇ ಹೋಗಬೇಕು. ಪೊಲೀಸ್ ಓಬಣ್ಣನವರ ಮನೆಯಲ್ಲಿ ಮಾತ್ರ ತಿಂಡಿಯ ಮುಂಚೆ ದೇವರ ಪಟದ ಮುಂದೆ ಪ್ರಮಾಣ ಮಾಡಬೇಕು.

ಹೀಗೆ ಮೆರವಣಿಗೆ ಹೊರಟಿತು. ಬೇವಿನಮರದವರ ಮನೆಯ ಉಪ್ಪಿಟ್ಟಿಗೆ ಗೋಡಂಬಿ ಇತ್ತು, ಮುಂದಿನವರದಕ್ಕೆ ಬಟಾಣಿ, ಅದರ ಮುಂದಿನವರದಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ನಾಲ್ಕನೆಯ ಮನೆಯಲ್ಲಿ ಮೋಹನ್‌ಕುಮಾರ ಬೆಲ್ಟ್ ಸಡಿಲ ಮಾಡಿದ. ಒಂದು ಮನೆಯ ಹುಡುಗಿ, “ಅಣ್ಣ, ನಾನಂತೂ ಬ್ಯಾಡ ಅನ್ನಾಕೆ ರೆಡಿಯಾಗಿದ್ದೆ, ನೀವೇ ಅಂದ್ಬಿಟ್ರಿ,” ಎಂದು ನಿರಾಸೆಯಿಂದ ಹೇಳಿದಳು. ಪೊಲೀಸ್ ಓಬಣ್ಣನವರ ಮನೆಯಲ್ಲಿ ಅವನು ಕರ್ಪೂರದ ಮೇಲೆ ಕೈಯಿಟ್ಟು, ಈ ಮನುಷ್ಯನಿಗೆ ಯಾವ ಊರಿನಲ್ಲೂ ಯಾವ ಮಗಳೂ ಇಲ್ಲ, ಇದ್ದರೆ ಚುಕ್ಕಿಯ ತಪ್ಪೇ ಹೊರತು ಇವರದ್ದಲ್ಲ ಎಂದು ಪ್ರಮಾಣ ಮಾಡಿದ. ಕೊನೆಯ ಮಾತು ಬೇಕಿರಲಿಲ್ಲ. ಆ ಚುಕ್ಕಿ ಯಾರು ಎಂದು ಹೆಂಡತಿ ಗಂಡನನ್ನು ಮತ್ತೆ ಕೇಳತೊಡಗಿದಳು.

ಓಬವ್ವನ ಮನೆಯಲ್ಲಿ ಅಳಿಯ ನಿರಂಜನ್ ತಾನೇ ಬಡಿಸಿದ. “ತಿನ್ರಿ ಸಾರ್, ದೂರದಿಂದ ಬಂದೀರಿ,” ಎನ್ನುತ್ತಾ ಸೌಟಿನ ಮೇಲೆ ಸೌಟು ಹಾಕಿದ. ಅದು ಸೇಡು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ದೊಡ್ಡಪ್ಪ ಮಾತ್ರ ಎಲ್ಲ ಮನೆಯಲ್ಲೂ ಸಂತೋಷದಿಂದ ತಿಂದ. ಇಂಥ ಕೆಲಸಕ್ಕೇ ಅವನ ಎಂಟು ವರ್ಷದ ತಯಾರಿ ಇತ್ತು.

ಮಧ್ಯಾಹ್ನದ ಬಸ್ಸು ಬಂದು ಬೇವಿನಮರದ ಹತ್ತಿರ ತಿರುಗಿಸಿಕೊಳ್ಳುವಾಗ ಮೋಹನ್‌ಕುಮಾರ ಬೀದಿ ನಡುವೆ, ಕೈಯಲ್ಲಿ ಇನ್ಯಾರದೋ ಮನೆಯ ತಟ್ಟೆ ಹಿಡಿದು, ನುಂಗಲೂ ಆಗದೆ ಉಗುಳಲೂ ಆಗದೆ ನಿಂತಿದ್ದ. ಅನುಸೂಯ ಬ್ಯಾಗು ಹೆಗಲಿಗೇರಿಸಿಕೊಂಡು ಇಳಿದಳು. ಐದು ನಿಮಿಷದಲ್ಲಿ ಅವಳಿಗೆ ಊರೆಲ್ಲ ಸೇರಿ ವರದಿ ಒಪ್ಪಿಸಿತು. ಒಬ್ಬೊಬ್ಬರದೂ ಒಂದೊಂದು ವರದಿ. ಪ್ರಯಾಣಿಕರು ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಕೇಳಿದರು. ಡ್ರೈವರ್ ಇಂಜಿನ್ ಆಫ್ ಮಾಡಿದ.

ಅವಳು ನೇರ ಮೋಹನ್‌ಕುಮಾರನ ಮುಂದೆ ಬಂದು ನಿಂತಳು.

“ವಾರಾವಾರ ಇಂಕು ತರಾಕೆ ಹೋಗೋರು ನೀವೇ ಅಲ್ಲೇನ್ರಿ?”

ಅವನು ಬಾಯಿ ತುಂಬ ಉಪ್ಪಿಟ್ಟಿದ್ದುದರಿಂದ ತಲೆಯಾಡಿಸಿದ.

“ಅಷ್ಟು ಇಂಕು ಏನು ಮಾಡ್ತೀರಿ?”

ಅವನು ಕಷ್ಟಪಟ್ಟು ನುಂಗಿದ. ನುಂಗಿದ ಮೇಲೆ ನಿಜವಲ್ಲದೆ ಬೇರೇನೂ ಹೊರಗೆ ಬರಲಿಲ್ಲ. “ಅಂಗಡಿಯಾಗೆ ಡಬ್ಬಿ ಡಬ್ಬಿ ಹಂಗೇ ಅವೆ. ಒಂದು ಗೋಡೆ ಪೂರ್ತಿ ತುಂಬೈತೆ. ನಿಮ್ಮನ್ನ ನೋಡಾಕೆ ಬರ್ತಿದ್ದೆ.”

ಬಸ್ಸಿನೊಳಗಿನಿಂದ ಯಾರೋ ಸಿಳ್ಳೆ ಹಾಕಿದರು. ಅನುಸೂಯ ತಿರುಗಿ ನೋಡಿದಳು, ಸಿಳ್ಳೆ ನಿಂತಿತು. ಅವಳು ಮತ್ತೆ ಇವನ ಕಡೆ ನೋಡಿದಾಗ ಮುಖದಲ್ಲಿ ನಗು ತಡೆದುಕೊಂಡ ಗುರುತಿತ್ತು.

“ನಾನು ಒಬ್ಬೊಬ್ಬರನ್ನೇ ನೋಡಿ, ಎಲ್ಲಿಗೆ ಅಂತ ಕೇಳಿ ಟಿಕೆಟ್ ಕೊಡ್ತೀನಿ,” ಎಂದಳು. “ಬಸ್ಸಿಗೆಲ್ಲ ಒಂದೇ ಟಿಕೆಟ್ ಹರಿದ್ರೆ ನನ್ನ ಮನೆಗೆ ಕಳಿಸ್ತಾರೆ. ಮುಂದಿನ ಭಾನುವಾರ ನನಗೆ ರಜೆ. ಬರೋದಾದ್ರೆ ಬರ್ರಿ. ಫೋನು ಮೆಸೇಜು ಏನೂ ಬ್ಯಾಡ. ಮುಂಚೆ ಒಂದಿನ ನೀವೇ ಬಂದು ನಮ್ಮಪ್ಪನ ಮುಂದೆ ನಿಂತು ಬಾಯಿಂದ ಹೇಳಿ ಹೋಗ್ರಿ.”

ಮೋಹನ್‌ಕುಮಾರ ಮಾರನೆಯ ದಿನವೇ ಹೋದ. ಕಂಬಳಿ ಓಬಯ್ಯ ಮಾತಾಡಲಿಲ್ಲ. ಮಂಗಳವಾರವೂ ಹೋದ. ಮಾತಾಡಲಿಲ್ಲ, ಆದರೆ ಕುರಿ ಹಿಡಿದುಕೊಳ್ಳಲು ಹೇಳಿದರು. ಶನಿವಾರದ ಹೊತ್ತಿಗೆ ಮೋಹನ್‌ಕುಮಾರ ಕುರಿಯನ್ನು ಹಿಡಿದುಕೊಳ್ಳುವುದು ಕಲಿತಿದ್ದ, ಕುರಿಯೂ ಅವನನ್ನು ಒದೆಯುವುದು ಬಿಟ್ಟಿತ್ತು. “ನಾಳೆ ಬರ್ತೀವಿ ಮಾವ,” ಎಂದ. “ಬರ್ರಿ. ಉಪ್ಪಿಟ್ಟು ಮಾಡ್ಸಲ್ಲ, ಹೆದರಬ್ಯಾಡ,” ಎಂದರು ಅವರು.

ಸಂಬಂಧ ಕುದುರಿತು. ಮದುವೆ ಹಿರಿಯೂರಿನ ಒಂದು ಕಲ್ಯಾಣ ಮಂಟಪದಲ್ಲಿ ಎಂದು ನಿಶ್ಚಯವಾಯಿತು. ಲಗ್ನಪತ್ರಿಕೆಯ ದಿನ ಕಂಬಳಿ ಓಬಯ್ಯ ಬೀಗರ ಮುಂದೆ ಒಂದೇ ಒಂದು ಷರತ್ತು ಇಟ್ಟರು.

“ನಮ್ಮೂರೋರೆಲ್ಲ ನನ್ನ ಮಗಳ ದೆಸೆಯಿಂದ ಉಪ್ಪಿಟ್ಟು ಮಾಡಿ ಕಾದವ್ರೆ. ಅವ್ರನ್ನ ಬಿಟ್ಟು ನಾನು ಧಾರೆ ಎರೆಯಲ್ಲ. ಓಬ ಅನ್ನೋರು ಒಬ್ಬರೂ ತಪ್ಪಬಾರ್ದು.”

ದೊಡ್ಡಪ್ಪ ಮೋಹನ್‌ಕುಮಾರನನ್ನು ನೋಡಿದ. ಮೋಹನ್‌ಕುಮಾರ ಅಂಗಡಿಗೆ ಹೋಗಿ, ಗೊಲ್ಲಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು, ಮೊದಲು ಆ ಮೂರನೆಯ ಪಾಠ ಪೂರ್ತಿ ನೋಡಿದ. ಹುಡುಕುವ ಹೆಸರಿನ ಮುಂದೆ ಒಂದು ಗುರುತು, ಹಿಂದೆ ಒಂದು ಗುರುತು ಇಟ್ಟರೆ, ಇಲ್ಲಿಂದ ಶುರು, ಇಲ್ಲಿಗೆ ಮುಗಿಯಿತು, ಇದೊಂದೇ, ಬೇರೆ ಯಾವುದೂ ಬೇಡ ಎಂದು ಕಂಪ್ಯೂಟರಿಗೆ ತಿಳಿಯುತ್ತದಂತೆ.

“ಇದನ್ನ ಮೊದ್ಲೇ ನೋಡಿದ್ರೆ?” ಎಂದು ಗೊಲ್ಲಪ್ಪ ಕೇಳಿದ.

ಮೋಹನ್‌ಕುಮಾರ ಯೋಚಿಸಿದ. ಮೊದಲೇ ನೋಡಿದ್ದರೆ ಯಾರಿಗೂ ಸಂದೇಶ ಹೋಗುತ್ತಿರಲಿಲ್ಲ, ಬೀದಿ ನಡುವೆ ತಟ್ಟೆ ಹಿಡಿದು ನಿಲ್ಲುವುದಾಗಲಿ, ಇಂಕಿನ ಡಬ್ಬಿಯ ಗುಟ್ಟು ಬಾಯಿಬಿಡುವುದಾಗಲಿ ನಡೆಯುತ್ತಿರಲಿಲ್ಲ. ಆ ಪಹಣಿಯವನಿಗೆ ಮನಸ್ಸಿನಲ್ಲೇ ಕೈಮುಗಿದು ಅವನು ಹಳೆಯದನ್ನೇ ಬರೆದ. ಓಬ, ಚುಕ್ಕಿ, ನಕ್ಷತ್ರ. ಕೆಳಗೆ ಮೂಡಿದ ಅಂಕಿಯನ್ನು ಈ ಸಲ ಗಟ್ಟಿಯಾಗಿ ಓದಿದ. ಮೀನಾಕ್ಷಿಯ ಹೆಸರನ್ನು ಕೈಯಿಂದ ಬೇರೆಯಾಗಿ ಸೇರಿಸಿದ. ಬಂದು ವಧೂವರರನ್ನು ಆಶೀರ್ವದಿಸಿ ಎಂದು ಬರೆದು ಒತ್ತಿದ.

ಮದುವೆಯ ದಿನ ಓಬಂದಿರು ಒಬ್ಬರೂ ತಪ್ಪಲಿಲ್ಲ. ಪೊಲೀಸ್ ಓಬಣ್ಣನವರು ಹೆಂಡತಿಯ ಜೊತೆಗೆ ಬಂದರು, ಹೆಂಡತಿ ಕಲ್ಯಾಣ ಮಂಟಪದಲ್ಲಿದ್ದ ಹುಡುಗಿಯರ ಮುಖಗಳನ್ನೆಲ್ಲ ಒಂದು ಸಲ ಗಂಡನ ಮುಖದ ಜೊತೆ ಹೋಲಿಸಿ ನೋಡಿ ಆಮೇಲೆ ಊಟಕ್ಕೆ ಕೂತಳು. ನಿರಂಜನ್ ಬಡಿಸಲು ನಿಂತ. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಬಾಗಿಲಲ್ಲಿ ನೂಕುನುಗ್ಗಲಾಯಿತು. ಮೋಹನ್‌ಕುಮಾರ ಬಾಸಿಂಗ ಸರಿಸಿ ನೋಡಿದ. ಬೇವಿನಮರದ ಓಬಯ್ಯನವರೂ ಅವರ ಜೊತೆಗೆ ಇನ್ನೂ ನಾಲ್ಕಾರು ಮಂದಿಯೂ ತಮ್ಮ ಕುರಿಗಳನ್ನು ಹೊಡೆದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ಬಂದು ವಧೂವರರನ್ನು ಆಶೀರ್ವದಿಸಿ, ಕುರಿಗಳಿಗೆ ಜಂತಿನ ಔಷಧಿ ತಪ್ಪದೇ ಹಾಕಿಸಿ ಎಂದು ಸಂದೇಶದಲ್ಲೇ ಇತ್ತಲ್ಲ.

ಪುರೋಹಿತರು ಮಂತ್ರ ನಿಲ್ಲಿಸಿದರು. ದೊಡ್ಡಪ್ಪ ತಲೆಯ ಮೇಲೆ ಕೈಹೊತ್ತ. ಧಾರೆ ಸೀರೆಯುಟ್ಟು, ತಲೆ ತಗ್ಗಿಸಿ ಕೂತಿದ್ದ ಅನುಸೂಯ ಗಲಾಟೆಗೆ ತಲೆಯೆತ್ತಿದಳು. ವರ್ಷಗಟ್ಟಲೆಯ ಅಭ್ಯಾಸ ನಾಚಿಕೆಗಿಂತ ಮುಂದೆ ಬಂತು.

“ಬಾಗ್ಲಾಗೆ ನಿಂತ್ಕಂಬ್ಯಾಡ್ರಿ,” ಎಂದು ಹಸೆಮಣೆಯ ಮೇಲಿಂದಲೇ ಕೂಗಿದಳು. “ಒಳಗೆ ಬರ್ರಿ.”

ಎಲ್ಲರೂ ಬಂದರು. ಕುರಿಗಳೂ ಬಂದವು.